ಅತ್ತೆ ಸೇರಿಸಿದ ಗೀಟು

ಹೋದ ತಿಂಗಳು ಮದುವೆಗೆಂದು ಕೋಲಾರಕ್ಕೆ ಹೋದಾಗ ಟೊಮೆಟೊ ಮಂಡಿಯ ಹತ್ತಿರ ನಮ್ಮ ಕಾರು ಲಾರಿಗಳ ನಡುವೆ ಸಿಕ್ಕಿಕೊಂಡಿತಲ್ಲ, ಆಗ ರಸ್ತೆ ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಕಾದ ಎಣ್ಣೆಯ ವಾಸನೆ ಬಂತು. ನೀವೆಲ್ಲ ಮೂಗು ಮುಚ್ಚಿಕೊಂಡು ಕಿಟಕಿಯ ಗಾಜು ಏರಿಸಿದಿರಿ. ನನಗೆ ಅದು ನಿಮ್ಮ ತಾತನ ಅಂಗಿಯ ವಾಸನೆ. ಇದೇ ಊರಲ್ಲಿ ಮನೆ ಮಾಡಿದ ಹೊಸದರಲ್ಲಿ ಆ ಅಂಗಿಗಳನ್ನು ಅಂಟುವಾಳದ ನೊರೆಯಲ್ಲಿ ನೆನೆಸಿ ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ.

ನಾನು ಆ ವಾಸನೆಯಲ್ಲಿದ್ದಾಗಲೇ ವಾಣಿ ಹಿಂದಿನ ಸೀಟಿನಿಂದ ಕೇಳಿದಳು: “ಅಜ್ಜಿ, ತಾತನ ಗುರುಗಳು ಇದ್ದಿದ್ದು ಇದೇ ಊರಲ್ಲಿ ಅಲ್ವಾ? ಆ ಇಂಜಿನಿಯರು?”

ನಾನು ಹೂಂ ಎಂದೆ. ಗುರುಗಳಂತೆ!

ನಿಮ್ಮ ತಾತ ಇರುವಷ್ಟು ಕಾಲ ಈ ಕಥೆಗೆ ನಾನು ಬಾಯಿ ಹಾಕಲಿಲ್ಲ. ಈಗ ಅವರಿಲ್ಲ. ನಾಲ್ಕು ಜನ ಕೂತ ಕಡೆ ಮಾತಾಡಲು ನನಗೆ ಬರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇನ್ನೂ ಕೈಯಲ್ಲಿದೆ, ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಓದಿ, ಆಮೇಲೆ ಆ ಮನುಷ್ಯನನ್ನು ಗುರು ಎನ್ನಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಅದು ಯುದ್ಧದ ಕಾಲ. ನಿಮ್ಮ ತಾತ ಕೋಲಾರದ ಪವರ್ ಹೌಸಿನಲ್ಲಿ ಸ್ವಿಚ್‌ಬೋರ್ಡಿನ ಮುಂದೆ ಕೂತು, ಗಡಿಯಾರದಂಥ ಮೀಟರುಗಳ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿ ಬರೆದುಕೊಳ್ಳುವ ಕೆಲಸದಲ್ಲಿದ್ದರು. ಕೆಲಸ ಖಾಯಂ ಅಲ್ಲ. ಆ ವರ್ಷ ಸೂಪರ್‌ವೈಸರ್ ಪರೀಕ್ಷೆ ಪಾಸು ಮಾಡಿದವರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ ಎಂದು ಸುದ್ದಿ ಬಂದಿತ್ತು. ಮನೆಗೆ ಎಂದರೆ ಶ್ರೀನಿವಾಸಪುರದ ಹತ್ತಿರ, ಅವರ ಅಣ್ಣನ ಮನೆಗೆ.

ಆ ಮನೆಯಲ್ಲಿ ನಾನು ಮದುವೆಯಾದ ಮೇಲೆ ಒಂದು ವರ್ಷ ಇದ್ದೆ. ಉಗ್ರಾಣದ ಬೀಗದ ಕೈ ನನ್ನ ಓರಗಿತ್ತಿಯ ಸೊಂಟದಲ್ಲಿ. ಬೆಳಗಾದರೆ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದು ನನ್ನ ಪಾಲು, ಎಲ್ಲರೂ ಉಂಡ ಮೇಲೆ ತಳದ ಮುದ್ದೆ ನನ್ನ ಪಾಲು. ಹುಳ ಹಸಿದರೆ ಮನೆಯವರೆಲ್ಲ ಎದ್ದು ಓಡಾಡುತ್ತಿದ್ದರು. ನಾನು ಹಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋಲಾರದಲ್ಲಿ ನಾವು ಬಾಡಿಗೆಗೆ ಹಿಡಿದದ್ದು ಒಂದು ನಡುಮನೆ, ಒಂದು ಅಡುಗೆಮನೆ, ಅಷ್ಟೇ. ಆದರೆ ಸಾರಿಗೆ ಎಷ್ಟು ಉಪ್ಪು ಹಾಕಬೇಕೆಂದು ಅಲ್ಲಿ ನಾನು ತೀರ್ಮಾನಿಸುತ್ತಿದ್ದೆ. ಅದನ್ನು ಬಿಟ್ಟು ವಾಪಸು ಹೋಗಲು ನನಗೆ ಸುತರಾಂ ಇಷ್ಟವಿರಲಿಲ್ಲ. ನಮ್ಮ ಜೊತೆಗಿದ್ದ ಅತ್ತೆಗೂ ಹಿರಿಯ ಸೊಸೆಯ ಕೈಕೆಳಗೆ ಬದುಕಲು ಆಗುತ್ತಿರಲಿಲ್ಲ. ನಿಮಗೆ ಮುತ್ತಜ್ಜಿಯಾಗಬೇಕಾದ ಅವರು ಮುಳಬಾಗಿಲು ಕಡೆಯವರು. ಮಾತಿನಲ್ಲಿ ಅರ್ಧ ತೆಲುಗು, ಅರ್ಧ ಬೈಗುಳ. ನಾನು ಅವರಿಗೆ ‘ಅಮ್ಮಾಯಿ’, ಮಗ ‘ನಾಯ್ನಾ’.

ಪಾಸು ಮಾಡುವುದಕ್ಕೆ ಮುಂಚೆ ಪರೀಕ್ಷೆಗೆ ಕೂರಬೇಕಲ್ಲ, ಅದಕ್ಕೆ ಅರ್ಜಿಯ ಮೇಲೆ ‘ಈತ ಯೋಗ್ಯ’ ಎಂದು ಇಂಜಿನಿಯರರ ರುಜು ಬೇಕಿತ್ತು. ಆ ರುಜು ಬೀಳುವುದು ಕಷ್ಟ. ಆತ ಮದರಾಸಿನಲ್ಲಿ ಓದಿ ಬಂದವರು, ತಲೆಗೆ ಸೋಲಾ ಟೋಪಿ, ಕೈಯಲ್ಲಿ ಬೆತ್ತ. ಯಾರ ಮನೆಗೆ ಹೋದರೂ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂರುತ್ತಿದ್ದರಂತೆ. ಕೆಲಸ ಗೊತ್ತಿದ್ದವರು ಕೆಲಸದಿಂದ ಹೆಸರು ಮಾಡುತ್ತಾರೆ. ಈತ ಹೆಸರು ಮಾಡಿದ್ದು ರುಜು ಹಾಕದೆ ಇರುವುದರಿಂದ. ಎಷ್ಟು ಅರ್ಜಿ ವಾಪಸು ಕಳಿಸಿದರೋ ಅಷ್ಟು ದೊಡ್ಡ ಮನುಷ್ಯ ಎಂದು ಆಫೀಸಿನವರು ನಂಬಿದ್ದರು. ನಿಮ್ಮ ತಾತನೂ ನಂಬಿದ್ದರು. “ಸಾಹೇಬ್ರು ಅಂದ್ರೆ ಸಾಹೇಬ್ರು ಕಣೇ” ಎಂದು ಊಟದ ಮಧ್ಯೆ ಹೇಳುತ್ತಿದ್ದರು. ಆತ ಏನು ಮಾಡಿದರು ಎಂದು ಕೇಳಿದರೆ, “ಒಂದು ಮಾತೂ ಆಡದೆ ಹೋದ್ರು” ಎನ್ನುತ್ತಿದ್ದರು. ಅದೂ ದೊಡ್ಡಸ್ತಿಕೆಯೇ!

ಆ ಇಂಜಿನಿಯರಿಗೆ ಒಂದು ವಿದ್ಯೆಯ ಹುಚ್ಚು. ಯಾವನೋ ಫ್ರೆಂಚ್ ದೇಶದವನು ಕಂಡುಹಿಡಿದ ನಿಯಮ, ವಾಣಿ ಈಗ ತನ್ನ ಕಾಲೇಜಿನಲ್ಲಿ ಓದುತ್ತಿರುವುದೂ ಅದೇ. ಅಭ್ಯರ್ಥಿಗೆ ಅದು ಬರುತ್ತದೋ ಇಲ್ಲವೋ ನೋಡಿಯೇ ಆತ ರುಜು ಹಾಕುವುದು ಎಂದು ಮಾತಿತ್ತು. ಹಾಗಾಗಿ ಆಷಾಢ ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಆ ಲೆಕ್ಕ ಬಿಟ್ಟು ಬೇರೆ ಏನೂ ನಡೆಯಲಿಲ್ಲ.

ಕೋಲಾರದ ಆಷಾಢ ನಿಮಗೆ ಗೊತ್ತಿಲ್ಲ. ಮಳೆ ಇಲ್ಲ, ಬರೀ ಗಾಳಿ. ಅಂತರಗಂಗೆ ಬೆಟ್ಟದ ಕಡೆಯಿಂದ ಬೀಸಿ ಬೀದಿಯ ಮಣ್ಣನ್ನೆಲ್ಲ ತಂದು ಹಿಟ್ಟಿನ ಡಬ್ಬಕ್ಕೆ ಸುರಿಯುತ್ತಿತ್ತು. ಬಾಗಿಲ ಹೊರಗೆ ಹಾಕಿದ ರಂಗೋಲಿ ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮಾಯವಾಗುತ್ತಿತ್ತು. ಯುದ್ಧದ ಕಾರಣ ಕಾಗದ ಸಿಗುತ್ತಿರಲಿಲ್ಲ, ಸ್ಲೇಟಿನಲ್ಲಿ ಚಿತ್ರ ಹಿಡಿಸುತ್ತಿರಲಿಲ್ಲ. ಕೊನೆಗೆ ನಿಮ್ಮ ತಾತ ನಡುಮನೆಯ ಬಾಗಿಲು ಹಾಕಿ, ಸಾರಿಸಿದ ನೆಲದ ಮೇಲೆ ನನ್ನ ರಂಗೋಲಿ ಪುಡಿಯಿಂದಲೇ ಲೆಕ್ಕದ ಚಿತ್ರ ಬರೆಯಲು ಕೂತರು.

ಅವರ ಕೈಯಲ್ಲಿ ಗೀಟು ಬರುವುದೆಲ್ಲಿ? ಕೋಳಿ ಕೆದಕಿದಂತೆ ಪುಡಿ ಬಿತ್ತು. ನಾನು ಅಡುಗೆಮನೆಯಿಂದ ಎದ್ದು ಬಂದು ಡಬ್ಬ ಇಸಿದುಕೊಂಡೆ. ಅಂದಿನಿಂದ ಪುಸ್ತಕದ ಚಿತ್ರ ನೋಡಿ ನೆಲದ ಮೇಲೆ ಬರೆಯುವುದು ನನ್ನ ಕೆಲಸವಾಯಿತು. ಆ ಪುಸ್ತಕ ಬರೆದವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ. ನೆಟ್ಟಗೆ ಇರುವುದನ್ನು ಸೊಟ್ಟ ಮಾಡಿ, ಗೀಟಿನ ಮೇಲೆ ಗೀಟು ಹಾಯಿಸಿ, ಬಿಡಿಸು ಎಂದು ಕೊಡುತ್ತಿದ್ದ. ನಾನು ಚುಕ್ಕಿ ಇಟ್ಟು, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಏನು ಹೋಗಿದೆ ಎಂದು ನೋಡಿ, ನೆಟ್ಟಗೆ ಎಳೆದು ತೋರಿಸುತ್ತಿದ್ದೆ. ಎಳೆದಾದ ಮೇಲೆ ಅರ್ಧ ಲೆಕ್ಕ ಮುಗಿದೇ ಹೋಗಿರುತ್ತಿತ್ತು. ನಿಮ್ಮ ತಾತ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಬಾಯಿಪಾಠ ಹೇಳುತ್ತಿದ್ದರು.

ಆ ಪಾಠ ಇಷ್ಟೇ. ಬ್ಯಾಟರಿ, ಕರೆಂಟಿನ ಓಟ ತಗ್ಗಿಸುವ ತಡೆಗಳು ಎಲ್ಲ ಗೋಜಲಾಗಿ ಸೇರಿಕೊಂಡಿವೆ, ಮಧ್ಯೆ ಒಂದು ದೀಪ ಇದೆ. ಆ ದೀಪಕ್ಕೆ ಎಷ್ಟು ಕರೆಂಟು ಹೋಗುತ್ತದೆ? ಮೊದಲು ದೀಪವನ್ನು ಕಿತ್ತು ಪಕ್ಕಕ್ಕಿಡು. ಅದು ಇದ್ದ ಜಾಗದಲ್ಲಿ ಎರಡು ತುದಿಗಳು ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ. ನಿಲ್ಲಲಿ, ಸೇರಿಸಬೇಡ. ಆ ತುದಿಗಳ ನಡುವೆ ಎಷ್ಟು ವೋಲ್ಟು ಇದೆ, ನೋಡು. ಆಮೇಲೆ ಬ್ಯಾಟರಿಯನ್ನು ತೆಗೆದು ಅದರ ಜಾಗದಲ್ಲಿ ಬರೀ ಗೀಟು ಎಳೆ, ತುದಿಗಳಿಂದ ಒಳಕ್ಕೆ ನೋಡಿದರೆ ಎಷ್ಟು ತಡೆ ಕಾಣುತ್ತದೆ, ಲೆಕ್ಕ ಹಾಕು. ಈಗ ಇಡೀ ಗೋಜಲನ್ನು ಅಳಿಸಿಬಿಡು. ಅಷ್ಟು ವೋಲ್ಟಿನ ಒಂದೇ ಬ್ಯಾಟರಿ, ಅಷ್ಟೇ ತಡೆಯ ಒಂದೇ ತಂತಿ, ಅದಕ್ಕೆ ದೀಪ ತಗುಲಿಸು. ದೀಪಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

“ಒಳಗೆ ಎಷ್ಟೇ ಗೋಜಲಿರಲಿ, ಹೊರಗಿನಿಂದ ನೋಡೋನಿಗೆ ಒಂದು ಬಲ, ಒಂದು ತಡೆ. ಎಂಥ ತಲೆ ಇರಬೇಕು ನೋಡು ಅವನಿಗೆ!” ಎಂದು ನಿಮ್ಮ ತಾತ ಕಣ್ಣರಳಿಸುತ್ತಿದ್ದರು. ಓರಗಿತ್ತಿಯ ಕೈಕೆಳಗೆ ಒಂದು ವರ್ಷ ಇದ್ದು ಬಂದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಕಷ್ಟವಾಗಿದ್ದು ಅತ್ತೆಗೆ. ಗೀಟು ತುಂಡಾಗಿ ಬಾಯಿ ಬಿಟ್ಟ ರಂಗೋಲಿ ಮನೆಯೊಳಗಿದ್ದರೆ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಆ ಸಂದಿನಿಂದಲೇ ಹೊರಟುಹೋಗುತ್ತಾಳೆ ಎಂದು ಅವರ ಊರಿನ ಕಡೆ ನಂಬುತ್ತಾರೆ.

“ಏಂಟಿ ಅಮ್ಮಾಯಿ ಇದು? ಇಷ್ಟು ಚೆನ್ನಾಗಿ ಎಳೆದು ನಡುವೆ ಬಾಯಿ ಬಿಡಿಸಿದ್ದೀಯ! ನಿಮ್ಮಮ್ಮ ಇದೇನಾ ಕಲ್ಸಿದ್ದು?”

“ಅವರೇ ಹಾಗೆ ಬಿಡು ಅಂದ್ರು ಅತ್ತೆ.”

“ಅಮ್ಮ, ಅದು ರಂಗೋಲಿ ಅಲ್ಲ, ಲೆಕ್ಕ. ಮುಟ್ಟಬೇಡ” ಎಂದು ನಿಮ್ಮ ತಾತ ಗದರಿಸಿದರು.

“ಲೆಕ್ಕ ಆದ್ರೆ ಪವರ್ ಹೌಸಲ್ಲಿ ಮಾಡ್ಕೋ ಹೋಗು ನಾಯ್ನಾ. ನನ್ನ ನಡುಮನೆಯಲ್ಲಿ ಯಾಕೆ? ಊರಿಗೆಲ್ಲ ಕರೆಂಟು ಕೊಡ್ತೀಯ, ಮನೇಲಿ ಸೀಮೆಎಣ್ಣೆ ಬುಡ್ಡಿ. ಇನ್ನು ಇರೋ ಲಕ್ಷ್ಮೀನೂ ಓಡಿಸು!”

ಹೀಗೆ ಬೈಯುತ್ತಲೇ ಆಷಾಢವೆಲ್ಲ ಆ ಸಂದುಗಳನ್ನು ದಾಟಿಕೊಂಡು ಓಡಾಡಿದರು. ಮುಟ್ಟಲಿಲ್ಲ. ಮಗನ ಕೆಲಸ ಹೋದರೆ ಹಿರಿಯ ಸೊಸೆಯ ಮನೆಗೆ ಹೋಗಬೇಕಾಗುತ್ತದೆ ಎನ್ನುವ ಭಯ ಲಕ್ಷ್ಮಿಯ ಭಯಕ್ಕಿಂತ ದೊಡ್ಡದಾಗಿತ್ತು.

ಶ್ರಾವಣ ಬಂತು, ಗಾಳಿ ಇಳಿಯಿತು. ಅರ್ಜಿ ಕಳಿಸಲು ಇನ್ನು ಕೆಲವೇ ದಿನ ಉಳಿದಿತ್ತು. ನಿಮ್ಮ ತಾತ ಆಫೀಸಿನಲ್ಲಿ ಅರ್ಜಿ ಹಿಡಿದು ಎಷ್ಟು ಸಾರಿ ಬಾಗಿಲಲ್ಲಿ ನಿಂತರೂ ಆತ ತಲೆ ಎತ್ತಿರಲಿಲ್ಲ. ಒಂದು ದಿನ ಅದೇನು ಮನಸ್ಸು ಬಂತೋ, “ಶುಕ್ರವಾರ ಸಾಯಂಕಾಲ ಆ ಕಡೆ ಬರ್ತೀನಿ, ನಿನ್ನ ತಯಾರಿ ನೋಡ್ತೀನಿ” ಎಂದರಂತೆ. ಮನೆಗೆ ಬಂದ ನಿಮ್ಮ ತಾತನ ಮುಖ ನೋಡಬೇಕಿತ್ತು. ಮಹಾರಾಜರೇ ಸವಾರಿ ಬರುತ್ತಾರೆ ಎನ್ನುವಂತೆ ಗೋಡೆಗೆ ಸುಣ್ಣ ಬಳಿದರು, ಪಕ್ಕದ ಮನೆಯಿಂದ ಕುರ್ಚಿ ಹೊತ್ತು ತಂದರು. ನನಗೆ ಒಬ್ಬಟ್ಟು ಮಾಡಲು ಹೇಳಿದರು. “ತುಪ್ಪ ಜಾಸ್ತಿ ಹಾಕು” ಎಂದು ಮತ್ತೆ ಮತ್ತೆ ಹೇಳಿದರು.

ಶುಕ್ರವಾರ ಮಧ್ಯಾಹ್ನ ನಾನು ನೆಲದ ಮೇಲೆ ಬರೆದುಕೊಟ್ಟದ್ದು ಅವರಿಗೆ ಬಹಳ ಇಷ್ಟವಾದ ಚಿತ್ರ. ಎಡಗಡೆ ಮೇಲೊಂದು ತಡೆ ಕೆಳಗೊಂದು ತಡೆ, ಬಲಗಡೆಯೂ ಹಾಗೆಯೇ, ಎರಡಕ್ಕೂ ಸೇರಿ ಹನ್ನೆರಡು ವೋಲ್ಟಿನ ಬ್ಯಾಟರಿ. ಎಡಗಡೆ ಮೇಲೆ ಮೂರು, ಕೆಳಗೆ ಆರು. ಬಲಗಡೆ ತಿರುಗಾಮುರುಗಾ, ಮೇಲೆ ಆರು, ಕೆಳಗೆ ಮೂರು. ಎರಡೂ ಕಡೆಯ ನಡುವನ್ನು ಸೇರಿಸುವ ಅಡ್ಡಗೀಟಿನಲ್ಲಿ ದೀಪ. ದೀಪ ಅಳಿಸಿದೆವು, ಸಂದು ಬಿಟ್ಟೆವು. ಸಂದಿನಲ್ಲಿ ನಾಲ್ಕು ವೋಲ್ಟು, ಒಳಗಿನ ತಡೆ ನಾಲ್ಕು, ದೀಪದ ತಡೆಯೂ ನಾಲ್ಕು. ನಾಲ್ಕು ವೋಲ್ಟಿಗೆ ಒಟ್ಟು ಎಂಟು ತಡೆ, ಹಾಗಾದರೆ ದೀಪಕ್ಕೆ ಹೋಗುವುದು ಅರ್ಧ ಆಂಪಿಯರು. ನಿಮ್ಮ ತಾತ ತೊಡೆ ತಟ್ಟಿಕೊಂಡು, “ಇದನ್ನ ಅಳಿಸಬೇಡ, ಸಾಹೇಬ್ರಿಗೆ ತೋರಿಸ್ತೀನಿ” ಎಂದು ಮುಖ ತೊಳೆಯಲು ಹೋದರು. ನಾನು ಒಲೆಯ ಮುಂದೆ ಒಬ್ಬಟ್ಟು ತಟ್ಟುತ್ತಾ ಕೂತೆ.

ದೀಪ ಹಚ್ಚುವ ಹೊತ್ತಿಗೆ ಆತ ಬಂದರು. ಬೂಟು ಬಿಚ್ಚದೆ ನಡುಮನೆಯವರೆಗೂ ಬಂದು, ಎರವಲು ತಂದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. “ಹೊರಗೆ ನಾನು ಏನೂ ಮುಟ್ಟೋದಿಲ್ಲ” ಎಂದರು ಆತ. ತಟ್ಟೆ ಇಟ್ಟ ಮೇಲೆ ಒಬ್ಬಟ್ಟನ್ನು ಮುಟ್ಟಿದರು. ಮತ್ತೊಂದು ಹಾಕಿಸಿಕೊಂಡರು. ತುಪ್ಪ ಮೊಣಕೈಗೆ ಇಳಿಯುವಾಗ ಮಾತ್ರ ನಿಮ್ಮ ತಾತ ಮುಖ ಆ ಕಡೆ ಮಾಡಿದರು, ಸಾಹೇಬರಿಗೆ ಮುಜುಗರವಾಗಬಾರದೆಂದು. ಆತನಿಗೆ ಯಾವ ಮುಜುಗರವೂ ಆದಂತೆ ಕಾಣಲಿಲ್ಲ.

ಕೈ ತೊಳೆದ ಮೇಲೆ ಬೆತ್ತದ ತುದಿಯಿಂದ ನೆಲ ತೋರಿಸಿದರು. “ಏನಿದು, ರಂಗೋಲಿನಾ?”

“ಲೆಕ್ಕ ಸಾರ್. ತಮ್ಮ ನಿಯಮದ ಪ್ರಕಾರ ದೀಪ ತೆಗೆದು ಮಾಡಿದ್ದೀನಿ ಸಾರ್.”

ತಮ್ಮ ನಿಯಮವಂತೆ! ಆ ಫ್ರೆಂಚಿನವನು ಕೇಳಿದ್ದರೆ ಏನನ್ನುತ್ತಿದ್ದನೋ.

“ದೀಪಕ್ಕೆ ಎಷ್ಟು ಬಂತು?”

“ಅರ್ಧ ಆಂಪಿಯರ್ ಸಾರ್.”

ಆತ ಬಗ್ಗಿ ನೋಡಿದರು. ಬಾಗಿಲ ಸಂದಿಯಿಂದ ನಾನೂ ನೋಡಿದೆ. ನಾನು ಬಿಟ್ಟಿದ್ದ ಸಂದು ಅಲ್ಲಿರಲಿಲ್ಲ. ಎಡದಿಂದ ಬಲಕ್ಕೆ ದಪ್ಪನಾದ ಒಂದು ಗೀಟು ನೆಟ್ಟಗೆ ಹೋಗಿತ್ತು. ಅಷ್ಟು ದಪ್ಪ ಗೀಟು ಎಳೆಯುವವರು ನಮ್ಮ ಮನೆಯಲ್ಲಿ ಒಬ್ಬರೇ.

“ಅರ್ಧವಾ!” ಆತ ನಕ್ಕರು. “ಯಾವನಯ್ಯಾ ನಿನಗೆ ಹೇಳಿಕೊಟ್ಟೋನು? ಇಲ್ಲಿ ನೋಡು. ಈ ತುದಿ, ಆ ತುದಿ. ಮಧ್ಯೆ ತಂತಿ ಇದೆ. ಒಂದೇ ತಂತಿಯ ಎರಡು ತುದಿ ಮಧ್ಯೆ ವೋಲ್ಟೇಜ್ ಎಲ್ಲಿಂದ ಬರುತ್ತೆ? ಸೊನ್ನೆ! ವೋಲ್ಟೇಜ್ ಸೊನ್ನೆ ಆದ್ರೆ ದೀಪಕ್ಕೆ? ಅದೂ ಸೊನ್ನೆ! ಈ ದೀಪ ಯಾವ ಕಾಲಕ್ಕೂ ಉರಿಯೋದಿಲ್ಲ.”

ದೀಪ ಕಿತ್ತ ಜಾಗದಲ್ಲಿ ತಂತಿ ಯಾಕೆ ಬಂತು ಎಂದು ಆ ಮದರಾಸಿನ ತಲೆಗೆ ಹೊಳೆಯಲಿಲ್ಲ. ತುದಿಗಳನ್ನು ಸೇರಿಸಬಾರದು ಎನ್ನುವುದೇ ಆ ಪಾಠದ ಮೊದಲ ಮಾತು. ಅದನ್ನು ಊರಿಗೆಲ್ಲ ಹೇಳಿ ಹೆದರಿಸುತ್ತಿದ್ದವರೇ ಈತ.

ಆತನದ್ದು ಹೋಗಲಿ. ನಿಮ್ಮ ತಾತ ನೆಲದ ಕಡೆ ನೋಡಬೇಕಿತ್ತು. ಅವರು ಸಾಹೇಬರ ಮುಖವನ್ನೇ ನೋಡುತ್ತಿದ್ದರು. ಮಧ್ಯಾಹ್ನವೆಲ್ಲ ಕೂತು ತೆಗೆದ ಅರ್ಧವನ್ನು ಒಂದು ಗಳಿಗೆಯಲ್ಲಿ ನುಂಗಿಕೊಂಡು, “ಹೌದು ಸಾರ್. ಸೊನ್ನೆ ಸಾರ್” ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಎರಡೂ ಕಡೆ ಸಮವಾಗಿ ತೂಗ್ತಾ ಇದೆ ಸಾರ್, ಅದಕ್ಕೇ ಸೊನ್ನೆ” ಎಂದು ಕಾರಣ ಬೇರೆ ಕೊಟ್ಟರು. ಒಂದು ಕಡೆ ಮೂರರ ಕೆಳಗೆ ಆರು, ಇನ್ನೊಂದು ಕಡೆ ಆರರ ಕೆಳಗೆ ಮೂರು. ಸಮವಂತೆ! ನನಗೆ ಬಾಗಿಲ ಹಿಂದೆ ಮೈಯೆಲ್ಲ ಉರಿಯಿತು. ಹೊರಗಿನವರ ಮುಂದೆ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ, ಇವತ್ತಿಗೂ ಇಲ್ಲ.

ಮಾತಾಡಿದವರು ಅತ್ತೆ. ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದವರು ಅಲ್ಲಿಂದಲೇ ತಿರುಗಿದರು.

“ಯಾವ ಗೀಟು ಸ್ವಾಮಿ? ನಡುವೆ ಇರೋದಾ? ಅದು ಇವನದಲ್ಲ. ಲಕ್ಷ್ಮಿ ಬರೋ ಶ್ರಾವಣದ ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಬಾಯಿ ಬಿಟ್ಕೊಂಡಿತ್ತು ಅಂತ ಈಗ ನಾನೇ ಸೇರಿಸಿದೆ.”

ಇಂಜಿನಿಯರರ ಕಿವಿ ಕೆಂಪಾಯಿತು. ಕೆಮ್ಮಿ, ಟೋಪಿ ಎತ್ತಿಕೊಂಡರು.

“ನನಗೆ ಗೊತ್ತಿತ್ತು. ಪರೀಕ್ಷೆ ಮಾಡ್ತಾ ಇದ್ದೆ.”

“ಯಾರನ್ನ?” ಎಂದರು ಅತ್ತೆ. ನಿಜವಾಗಿಯೂ ಗೊತ್ತಾಗದೆ ಕೇಳಿದರೋ, ಗೊತ್ತಿದ್ದೇ ಕೇಳಿದರೋ, ಅವರ ವಿಷಯದಲ್ಲಿ ಹೇಳಲಾಗುವುದಿಲ್ಲ.

ಆತ ನಿಮ್ಮ ತಾತನ ಕಡೆ ತಿರುಗಿದರು. “ತನ್ನ ಚಿತ್ರದಲ್ಲಿ ಬೇರೆಯವರು ತಂತಿ ಸೇರಿಸಿದ್ದು ಕಾಣದೋನ ಕೈಗೆ ಸ್ವಿಚ್‌ಬೋರ್ಡ್ ಕೊಟ್ರೆ ಊರು ಸುಟ್ಟುಹೋಗುತ್ತೆ. ನಾನು ರುಜು ಹಾಕೋದಿಲ್ಲ.” ಬೂಟಿನಿಂದ ಚಿತ್ರದ ಮೂಲೆಯನ್ನು ತುಳಿದುಕೊಂಡೇ ಹೊರಟುಹೋದರು.

ಆತ ನಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲಿ ಅದೊಂದು ಮಾತ್ರ ನಿಜ, ಅದನ್ನು ನಾನು ಒಪ್ಪುತ್ತೇನೆ. ಅದು ತನಗೂ ತಾಗುತ್ತದೆ ಎಂದು ಮಾತ್ರ ಆತನಿಗೆ ಹೊಳೆಯಲಿಲ್ಲ.

ನಿಮ್ಮ ತಾತ ಗೋಡೆಗೆ ಒರಗಿ ಕೂತುಬಿಟ್ಟರು. ಊರಿಗೆ ಹೋಗುವುದಾದರೆ ಗಾಡಿ ಯಾರದು ಸಿಗುತ್ತದೆ ಎಂದು ಯೋಚಿಸತೊಡಗಿದರು. ಅಮ್ಮನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಕೋಪ ಬರುತ್ತಿರಲಿಲ್ಲವೇನೋ.

“ನಿಮಗೆ ಅರ್ಧ ಅಂತ ಗೊತ್ತಿತ್ತು ತಾನೇ?” ಎಂದೆ.

“ಗೊತ್ತಿತ್ತು.”

“ಮತ್ತೆ ಸೊನ್ನೆ ಅಂತ ಯಾಕಂದ್ರಿ?”

“ಸಾಹೇಬ್ರು ಅಂದ್ರಲ್ಲ.”

“ಸಾಹೇಬ್ರು ನಿಮ್ಮ ಹೆಂಡ್ತಿಗೆ ಹೆಂಗಸೇ ಅಲ್ಲ ಅಂದ್ರೂ ಹೌದು ಸಾರ್ ಅಂತೀರಾ?”

ಅತ್ತೆ ಅಲ್ಲಿಂದ ಕಿಸಕ್ಕನೆ ನಕ್ಕರು. ನಿಮ್ಮ ತಾತ ನನ್ನನ್ನು ಮೊದಲ ಸಾರಿ ನೋಡುವವರಂತೆ ನೋಡಿದರು. ಮದುವೆಯಾದಾಗಿನಿಂದ ನಾನು ಅವರೊಡನೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ಆಡಿದ ಮೇಲೆ ನಿಲ್ಲಿಸಲೂ ಇಲ್ಲ.

“ಆಫೀಸಿಗೆ ಹೋಗಿ, ಉತ್ತರ ಅರ್ಧ ಅಂತ ಹೇಳಿ ಬನ್ನಿ. ರುಜು ಹಾಕಿದ್ರೆ ಹಾಕ್ಲಿ, ಬಿಟ್ರೆ ಬಿಡ್ಲಿ. ಸೊಪ್ಪು ಕತ್ತರಿಸೋದಾದ್ರೆ ಕತ್ತರಿಸ್ತೀನಿ. ಸೊನ್ನೆ ಅಂತ ಒಪ್ಪಿಕೊಂಡು ಬಂದ ಗಂಡನ ಜೊತೆ ಹೋಗಿ ಕತ್ತರಿಸೋದಿಲ್ಲ.”

“ಅಮ್ಮಾಯಿ ಹೇಳೋದು ಸರಿ” ಎಂದರು ಅತ್ತೆ. “ನೀನು ಹೋಗದಿದ್ರೆ ನಾನೇ ಹೋಗ್ತೀನಿ ನಾಯ್ನಾ. ಪವರ್ ಹೌಸ್ ಬಾಗಿಲಲ್ಲಿ ನಿಂತು, ಗೀಟು ಎಳೆದೋಳು ನಾನು, ಅದನ್ನ ನಂಬಿ ಲೆಕ್ಕ ಹಾಕಿದೋನು ನಿಮ್ಮ ದೊರೆ ಅಂತೀನಿ.”

ಶನಿವಾರ, ಭಾನುವಾರ ಅವರು ಸರಿಯಾಗಿ ಉಣ್ಣಲಿಲ್ಲ. ಸೋಮವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಅರ್ಜಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಅಂದು ನಾನು ಮಾಡಿದ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಬಾಗಿಲಿಗೆ ಹೋಗುವುದು, ಬರುವುದು, ಅಷ್ಟೇ.

ಸಾಯಂಕಾಲ ಅವರು ಬೀದಿಯ ತಿರುವಿನಿಂದಲೇ ಅರ್ಜಿಯನ್ನು ಬೀಸುತ್ತಾ ಬಂದರು. ಕೆಳಗೆ ದೊಡ್ಡದಾಗಿ ರುಜು ಇತ್ತು. ಏನಾಯಿತೆಂದು ಅವರೇ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಇವರು ಒಳಗೆ ಹೋದಾಗ ಗುಮಾಸ್ತರು, ಲೈನ್‌ಮನ್‌ಗಳು ಎಲ್ಲ ಅಲ್ಲೇ ನಿಂತಿದ್ದರಂತೆ. ಇವರು ಕೈ ಮುಗಿದು, “ಸಾರ್, ಅವತ್ತಿನ ಲೆಕ್ಕಕ್ಕೆ ಉತ್ತರ ಅರ್ಧವೇ ಸಾರ್. ಸೊನ್ನೆ ಅಂದಿದ್ದು ನನ್ನ ತಪ್ಪು” ಎಂದರಂತೆ. ಆತ ತಲೆ ಎತ್ತಲಿಲ್ಲ. ಆಗ ಇವರು, ಬೇರೇನೂ ತೋಚದೆ, “ನಮ್ಮಮ್ಮ ತಾನೇ ಬಂದು ಆ ಗೀಟಿನ ವಿಷಯ ಹೇಳ್ತೀನಿ ಅಂತ ಕೂತಿದ್ದಾರೆ ಸಾರ್, ಬೇಡ ಅಂತ ಹೇಳಿ ಬಂದಿದ್ದೀನಿ” ಎಂದರಂತೆ. ಪಕ್ಕದಲ್ಲಿದ್ದ ಗುಮಾಸ್ತರು, “ಯಾವ ಗೀಟು?” ಎಂದು ಕೇಳಿದರಂತೆ. ಅಷ್ಟೇ. ಆತ ಥಟ್ಟನೆ ಕೈ ಚಾಚಿ ಅರ್ಜಿ ಇಸಿದುಕೊಂಡು ರುಜು ಹಾಕಿದರು. ಶಾಯಿ ಒಣಗುವುದಕ್ಕೂ ಬಿಡಲಿಲ್ಲ. ಕಾಗದ ವಾಪಸು ಕೊಡುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದರಂತೆ: “ನನ್ನೆದುರಿಗೆ ನಿಂತು ಸರಿಯಾದದ್ದನ್ನ ಹೇಳೋ ಧೈರ್ಯ ಬರಲಿ ಅಂತ ಕಾಯ್ತಾ ಇದ್ದೆ. ಈಗ ನೀನು ಗಂಡಸಾದೆ, ಹೋಗು.”

ಇದನ್ನು ಹೇಳುವಾಗ ನಿಮ್ಮ ತಾತನ ಕಣ್ಣಲ್ಲಿ ನೀರಿತ್ತು. “ನೋಡಿದ್ಯಾ? ನನ್ನ ಉದ್ಧಾರಕ್ಕೆ ಅಂತಲೇ ಅವತ್ತು ರುಜು ಹಾಕ್ಲಿಲ್ಲ. ಎಂಥ ಮನುಷ್ಯ!”

ಅತ್ತೆ ಬಾಯಿ ತೆರೆದರು. ಅವರ ಮುಖ ನೋಡಿದರೆ ಬರುವ ಮಾತು ಎಂಥದೆಂದು ತಿಳಿಯುತ್ತಿತ್ತು. ನಾನು ಅವರ ಕೈ ಹಿಡಿದು ಅಮುಕಿದೆ. ಅವರು ನನ್ನನ್ನು ನೋಡಿದರು, ಮಗನನ್ನು ನೋಡಿದರು, ಬಾಯಿ ಮುಚ್ಚಿಕೊಂಡರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ಪಿಚ್ಚೋಡು” ಎಂದರು. ತೆಲುಗಿನಲ್ಲಿ ಅದಕ್ಕೆ ಹುಚ್ಚ ಎಂದರ್ಥ. ಯಾರನ್ನು ಅಂದದ್ದು ಎಂದು ನಾನು ಕೇಳಲಿಲ್ಲ.

ನಿಮ್ಮ ತಾತ ಪರೀಕ್ಷೆಗೆ ಹೋಗಿ ಕೂತರು. ಅದೇ ಜಾತಿಯ ಲೆಕ್ಕ ಕೊಟ್ಟಿದ್ದರಂತೆ, ಈ ಸಾರಿ ಎರಡು ಬ್ಯಾಟರಿ. ಬೆಂಚಿನ ಮೇಲೆ ಬೆರಳಿನಿಂದ ಚುಕ್ಕಿ ಇಟ್ಟು ಮೊದಲು ಚಿತ್ರವನ್ನು ನೆಟ್ಟಗೆ ಎಳೆದುಕೊಂಡೆ ಎಂದರು. ಪಾಸಾದರು, ಕೆಲಸ ಖಾಯಂ ಆಯಿತು, ಮಾಲೂರಿಗೆ ವರ್ಗ ಮಾಡಿ ಮನೆ ಕೊಟ್ಟರು. ಆ ಮನೆಯಲ್ಲಿ ಒಂದು ಬಲ್ಬಿತ್ತು. ಅತ್ತೆ ಅದನ್ನು ಹಚ್ಚಿ, ಆರಿಸಿ, ಮತ್ತೆ ಹಚ್ಚಿ, ಕೊನೆಗೆ ಅದಕ್ಕೂ ಕೈ ಮುಗಿದರು. ಸೊಪ್ಪಿನ ಕತ್ತಿಯನ್ನು ನಾನು ಮತ್ತೆ ಹಿಡಿಯಲಿಲ್ಲ. ನಿಮ್ಮಪ್ಪ ಹುಟ್ಟಿದ್ದೂ ಆ ಮನೆಯಲ್ಲೇ.

ಫಲಿತಾಂಶ ಬಂದ ದಿನ ಮಾತ್ರ ನಾವು ಇನ್ನೂ ಕೋಲಾರದಲ್ಲೇ ಇದ್ದೆವು. ನಿಮ್ಮ ತಾತ ಸ್ನಾನ ಮಾಡಿ ಪಂಚೆ ಉಟ್ಟು ನಿಂತರು. ಎಲ್ಲಿಗೆ ಎಂದೆ.

“ಎಲ್ಲಿಗೆ ಅಂದ್ರೆ? ಸಾಹೇಬ್ರ ಮನೆಗೆ. ಕಾಲಿಗೆ ಬಿದ್ದು ಬರ್ತೀನಿ. ಒಂದು ತಟ್ಟೆ ಜೋಡಿಸಿಕೊಡು.”

ಜೋಡಿಸಿಕೊಟ್ಟೆ. ಎಲೆ ಅಡಿಕೆ ಇಟ್ಟೆ, ತೆಂಗಿನಕಾಯಿ ಇಟ್ಟೆ, ಹೂ ಇಟ್ಟೆ. ಬಾಳೆಹಣ್ಣಿನ ಗೊನೆ ಹಿತ್ತಲ ಬಾಗಿಲಲ್ಲಿ ತೂಗುತ್ತಿತ್ತು. ಕೆಳಗಿನ ಚಿಪ್ಪುಗಳು ಹಳದಿ ತಿರುಗಿ ಚೆನ್ನಾಗಿದ್ದವು. ನಾನು ಅವುಗಳನ್ನು ಅಲ್ಲೇ ಬಿಟ್ಟು, ಮೇಲುಗಡೆ ಕಪ್ಪಾಗಿ ಒಂದು ಕಡೆ ಬಾಯಿ ಬಿಟ್ಟಿದ್ದ ಚಿಪ್ಪನ್ನು ಕಿತ್ತು, ಬಾಯಿ ಬಿಟ್ಟ ಕಡೆಯನ್ನು ಕೆಳಗೆ ಮಾಡಿ ತಟ್ಟೆಯಲ್ಲಿಟ್ಟೆ.